ಬುಕರ್ ಪಟ್ಟಿಗೆ ಬಂದ ಮೇಲೆ ಎಷ್ಟು ಪ್ರತಿ ಅಚ್ಚು ಹಾಕಿಸಬೇಕು? ಸಾರಾಬ್ಯಾಂಡ್ ಪ್ರಕಾಶನದ 2016

2016ರಲ್ಲಿ ಸ್ಕಾಟ್ಲೆಂಡಿನ ಸಾರಾಬ್ಯಾಂಡ್ ಪ್ರಕಾಶನ ಅಂದರೆ ಗ್ಲಾಸ್ಗೋದಲ್ಲಿ ಇಬ್ಬರು ಸೇರಿ ನಡೆಸುತ್ತಿದ್ದ ಮನೆ. ಮುಂದಾಳು ಸಾರಾ ಹಂಟ್. ಅಪರಾಧ ಕಥನಗಳಿಗೆಂದೇ 'ಕಾಂಟ್ರಾಬ್ಯಾಂಡ್' ಎಂಬ ಮಾಲೆ ಇತ್ತು. ಗ್ರೇಮ್ ಮೆಕ್ರೇ ಬರ್ನೆಟ್ ಅವರ 'ಹಿಸ್ ಬ್ಲಡಿ ಪ್ರಾಜೆಕ್ಟ್' ಕಾದಂಬರಿ 2015ರ ನವೆಂಬರಿನಲ್ಲಿ ಈ ಮಾಲೆಯಲ್ಲೇ ಬಂತು. 1869ರಲ್ಲಿ ಸ್ಕಾಟ್ಲೆಂಡಿನ ಉತ್ತರದ ಗುಡ್ಡನಾಡು ಹೈಲ್ಯಾಂಡ್ಸ್‌ನ ಕುಲ್ಡುಯಿ ಎಂಬ ಪುಟ್ಟ ಹಳ್ಳಿಯಲ್ಲಿ 17 ವರ್ಷದ ಹುಡುಗನೊಬ್ಬ ಮೂವರನ್ನು ಕೊಲ್ಲುತ್ತಾನೆ. ಅವನ ಹೇಳಿಕೆ, ವೈದ್ಯರ ವರದಿ, ನ್ಯಾಯಾಲಯದ ಕಲಾಪ, ಇಂಥ ಕಾಗದಪತ್ರಗಳ ರೂಪದಲ್ಲೇ ಕಥೆ ಸಾಗುತ್ತದೆ. ಪುಸ್ತಕ ಬಂದ ಮೊದಲ ಎಂಟು ತಿಂಗಳು ದೊಡ್ಡ ಸದ್ದೇನೂ ಆಗಲಿಲ್ಲ.

ಆಮೇಲಿನದ್ದನ್ನು ಮೂರು ತಾರೀಖುಗಳಲ್ಲಿ ಹೇಳಿಬಿಡಬಹುದು. ಜುಲೈ 27ರಂದು ಮ್ಯಾನ್ ಬುಕರ್ (ಬುಕರ್‌ನ ಆಗಿನ ಹೆಸರು) ಪ್ರಶಸ್ತಿಯ ಮೊದಲ ಪಟ್ಟಿ, 13 ಪುಸ್ತಕಗಳ ಲಾಂಗ್‌ಲಿಸ್ಟ್. ಸೆಪ್ಟೆಂಬರ್ 13ರಂದು ಅದರಿಂದ ಆಯ್ದ 6 ಪುಸ್ತಕಗಳ ಶಾರ್ಟ್‌ಲಿಸ್ಟ್. ಅಕ್ಟೋಬರ್ 25ರ ರಾತ್ರಿ ಫಲಿತಾಂಶ. ಎರಡೂ ಪಟ್ಟಿಗಳಲ್ಲಿ ಬರ್ನೆಟ್ ಇದ್ದರು. ಪ್ರಶಸ್ತಿ ಹೋದದ್ದು ಪಾಲ್ ಬೀಟಿ ಅವರ 'ದಿ ಸೆಲ್‌ಔಟ್'ಗೆ. ಮೊದಲ ತಾರೀಖಿನಿಂದ ಕೊನೆಯದಕ್ಕೆ ಎಣಿಸಿದರೆ ಸರಿಯಾಗಿ 90 ದಿನ.

ಈ 90ನ್ನು ನೆನಪಿಟ್ಟುಕೊಳ್ಳಿ. ಬ್ರಿಟನ್ನಿನಲ್ಲಿ ಅಂಗಡಿಗೆ ಹೋದ ಪುಸ್ತಕದ ದುಡ್ಡು ವಿತರಕನ ಕೈದಾಟಿ ಪ್ರಕಾಶಕನ ಖಾತೆಗೆ ಬೀಳಲು 60ರಿಂದ 90 ದಿನ ಹಿಡಿಯುತ್ತದೆ. ಅಂದರೆ ಲಾಂಗ್‌ಲಿಸ್ಟ್ ದಿನ ಮಾರಿದ ಪ್ರತಿಯ ಹಣ ಕೈಸೇರುವ ಹೊತ್ತಿಗೆ ಇಡೀ ಬುಕರ್ ಹಂಗಾಮು ಮುಗಿದಿರುತ್ತದೆ. ಈ ನಡುವೆ ಮುದ್ರಕ, ಕಾಗದ, ಸಾಗಣೆ, ಪ್ರಚಾರ ಎಲ್ಲದಕ್ಕೂ ಹಣ ಬೇರೆಲ್ಲಿಂದಲೋ ಹೊಂದಿಸಬೇಕು. ಸಣ್ಣ ಪ್ರಕಾಶಕನಿಗೆ ಪುಸ್ತಕ ಓಡದಿರುವುದು ಹಳೆಯ, ಅಭ್ಯಾಸವಾಗಿರುವ ಕಷ್ಟ. ಪುಸ್ತಕ ಏಕಾಏಕಿ ಓಡತೊಡಗುವುದು ಬೇರೆಯೇ ಕಷ್ಟ, ಮನೆ ಮುಳುಗುವುದಾದರೆ ಹೆಚ್ಚಾಗಿ ಅಲ್ಲೇ.

2025ರ ಮೇ 20ರಂದು ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ಅವರಿಗೆ ಅನುವಾದಿತ ಕೃತಿಗಳಿಗೆ ಕೊಡುವ ಇಂಟರ್‌ನ್ಯಾಷನಲ್ ಬುಕರ್ ಬಂದಾಗ ಕನ್ನಡ ಓದುಗರಿಗೂ ಶೆಫೀಲ್ಡಿನ ಆ್ಯಂಡ್ ಅದರ್ ಸ್ಟೋರೀಸ್ ಎಂಬ ಸಣ್ಣ ಪ್ರಕಾಶನದ ಹೆಸರು ಪರಿಚಯವಾಯಿತು. ಅಂಥ ಮನೆಯೊಳಗೆ ಪಟ್ಟಿ ಹೊರಬಿದ್ದ ಮರುದಿನ ಏನೇನು ನಡೆಯಬೇಕಾಗುತ್ತದೆ ಎಂಬುದಕ್ಕೆ ಸಾರಾಬ್ಯಾಂಡಿನ ವರ್ಷ ಒಳ್ಳೆಯ ಪ್ರಕರಣ.

ಒಂದೇ ಚೀಟಿ

2014ರಿಂದ ಬುಕರ್‌ಗೆ ಪುಸ್ತಕ ಕಳಿಸಲು ಕೋಟಾ ಇದೆ. ಹಿಂದಿನ ಐದು ವರ್ಷಗಳಲ್ಲಿ ಐದೋ ಹೆಚ್ಚೋ ಸಲ ಲಾಂಗ್‌ಲಿಸ್ಟ್ ಮುಟ್ಟಿದ ಪ್ರಕಾಶಕರು ನಾಲ್ಕು ಪುಸ್ತಕ ಕಳಿಸಬಹುದು. ಮೂರು-ನಾಲ್ಕು ಸಲವಾದರೆ ಮೂರು. ಒಂದೆರಡು ಸಲವಾದರೆ ಎರಡು. ಒಮ್ಮೆಯೂ ಮುಟ್ಟದಿದ್ದರೆ ಒಂದೇ. ಸಾರಾಬ್ಯಾಂಡಿಗೆ ಇದ್ದದ್ದು ಆ ಒಂದು. ಆ ವರ್ಷ ತೀರ್ಪುಗಾರರ ಮುಂದಿದ್ದವು 155 ಪುಸ್ತಕ. ಇದ್ದೊಂದು ಅವಕಾಶವನ್ನು 'ಗಂಭೀರ ಸಾಹಿತ್ಯ' ಎಂಬ ಹಣೆಪಟ್ಟಿಯ ಪುಸ್ತಕಕ್ಕೆ ಕೊಡದೆ ಅಪರಾಧ ಕಥನದ ಮಾಲೆಗೆ ಕೊಟ್ಟರಲ್ಲ, ಆ ವರ್ಷದ ದೊಡ್ಡ ತೀರ್ಮಾನ ಅದೇ. ಅದಕ್ಕೆ ಖರ್ಚೂ ಇರಲಿಲ್ಲ.

ಪ್ರಕಟಣೆಯ ತಿಂಗಳೂ ಕೆಲಸ ಮಾಡಿತು. 2016ರ ಪ್ರಶಸ್ತಿಗೆ 2015ರ ಅಕ್ಟೋಬರ್ 1ರಿಂದ 2016ರ ಸೆಪ್ಟೆಂಬರ್ 30ರೊಳಗೆ ಬಂದ ಪುಸ್ತಕಗಳು ಅರ್ಹ. ಸಣ್ಣವರು ನವೆಂಬರಿನಲ್ಲಿ ಕಾದಂಬರಿ ತರಲು ಹೆದರುತ್ತಾರೆ, ಕ್ರಿಸ್ಮಸ್‌ನ ಅಡುಗೆ ಪುಸ್ತಕ, ತಾರೆಯರ ಆತ್ಮಕಥೆಗಳ ರಾಶಿಯಲ್ಲಿ ಅದು ಕಾಣಿಸುವುದೇ ಇಲ್ಲವೆಂದು. ಹಾಗಿದ್ದರೂ ನವೆಂಬರಿನ ಪುಸ್ತಕಕ್ಕೆ ಲಾಂಗ್‌ಲಿಸ್ಟಿನವರೆಗೆ ಎಂಟು ತಿಂಗಳು ಸಿಗುತ್ತದೆ. ಅಷ್ಟರಲ್ಲಿ ಅಚ್ಚಿನ ತಪ್ಪುಗಳು ತಿದ್ದಿರುತ್ತವೆ, ಇ-ಪುಸ್ತಕ ತಯಾರಾಗಿರುತ್ತದೆ, ಅಂಗಡಿಗಳ ಕಂಪ್ಯೂಟರಿನಲ್ಲಿ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ), ಬೆಲೆ, ವಿವರ ಎಲ್ಲ ಕೂತಿರುತ್ತವೆ. ಸೆಪ್ಟೆಂಬರಿನಲ್ಲಿ ಬರಬೇಕಾದ ಪುಸ್ತಕ ಜುಲೈಯಲ್ಲೇ ಪಟ್ಟಿ ಸೇರಿದರೆ ಇದನ್ನೆಲ್ಲ ವಾರದಲ್ಲಿ ಮುಗಿಸಬೇಕು, ಮುಖಪುಟವೂ ಸೇರಿ.

ಇನ್ನೊಂದು ಅನುಕೂಲ ಪೇಪರ್‌ಬ್ಯಾಕ್. ಬ್ರಿಟನ್ನಿನ ದೊಡ್ಡ ಮನೆಗಳು ಸಾಹಿತ್ಯ ಕೃತಿಯನ್ನು ಮೊದಲು ಗಟ್ಟಿ ರಟ್ಟಿನಲ್ಲಿ, ವರ್ಷದ ನಂತರ ಪೇಪರ್‌ಬ್ಯಾಕಿನಲ್ಲಿ ತರುತ್ತವೆ. ಸಾರಾಬ್ಯಾಂಡ್ ನೇರವಾಗಿ ಪೇಪರ್‌ಬ್ಯಾಕಿಗೇ ಹೋಗಿತ್ತು. 'ಶಾರ್ಟ್‌ಲಿಸ್ಟಿನಿಂದ ಯಾವುದಾದರೊಂದು ಓದೋಣ' ಎಂದು ಅಂಗಡಿಗೆ ಬಂದವರ ಕೈ ಕಡಿಮೆ ಬೆಲೆಯ, ಕೊಲೆಯ ಕಥೆಯ ಪುಸ್ತಕದತ್ತ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಆ ವರ್ಷದ ಆರರಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಇದೇ.

ಹತ್ತು ದಿನ, ಸಾವಿರ ಪ್ರತಿ

ಬುಕರ್ ನಿಯಮದಲ್ಲಿ ಸಣ್ಣವರಿಗೆ ನೇರ ತಗಲುವ ಕಲಮುಗಳು ಮೂರಿದ್ದವು. ಲಾಂಗ್‌ಲಿಸ್ಟ್ ಪ್ರಕಟವಾದ 10 ದಿನದೊಳಗೆ ಕನಿಷ್ಠ 1,000 ಪ್ರತಿ ದಾಸ್ತಾನಿನಲ್ಲಿರಬೇಕು. ಶಾರ್ಟ್‌ಲಿಸ್ಟಿಗೆ ಬಂದರೆ ಪ್ರಚಾರಕ್ಕೆಂದು ಪ್ರಕಾಶಕರೇ 5,000 ಪೌಂಡ್ ಕಟ್ಟಬೇಕು. ಗೆದ್ದರೆ ಮತ್ತೆ 5,000. ಶಾರ್ಟ್‌ಲಿಸ್ಟಿಗೆ ಬಂದ ಲೇಖಕರಿಗೆ 2,500 ಪೌಂಡ್ ಸಿಗುತ್ತದೆ. ಪ್ರಕಾಶಕನಿಗೆ ಸಿಗುವುದು ಬಿಲ್ಲು.

ಸಾವಿರ ಪ್ರತಿ ಕನ್ನಡದ ಕಣ್ಣಿಗೆ ಒಂದು ಇಡೀ ಮುದ್ರಣ. ನಮ್ಮ ಪುಸ್ತಕಗಳ ಒಳಪುಟದಲ್ಲಿ 'ಪ್ರತಿಗಳು: 1000' ಎಂದು ಅಚ್ಚಾಗಿರುವುದನ್ನು ನೋಡಿ ಬೆಳೆದವರು ನಾವು. ಬ್ರಿಟಿಷ್ ಪುಸ್ತಕದ ಆ ಪುಟದಲ್ಲಿ ಪ್ರತಿಗಳ ಲೆಕ್ಕ ಇರುವುದಿಲ್ಲ. ಬದಲಿಗೆ ಅನೇಕ ಪುಸ್ತಕಗಳಲ್ಲಿ ಒಂದರಿಂದ ಹತ್ತರವರೆಗೆ ಅಂಕಿಗಳ ಒಂದು ಸಾಲಿರುತ್ತದೆ. ಪ್ರತಿ ಮರುಮುದ್ರಣಕ್ಕೂ ಅತಿ ಚಿಕ್ಕ ಅಂಕಿಯೊಂದನ್ನು ಕಿತ್ತುಹಾಕುತ್ತಾರೆ. ಸಾಲಿನಲ್ಲಿ 4 ಅತಿ ಚಿಕ್ಕದಾಗಿದ್ದರೆ ಅದು ನಾಲ್ಕನೇ ಮುದ್ರಣ. ಆತುರದ ಹಂಗಾಮಿನಲ್ಲಿ ಈ ಅಂಕಿ ತೆಗೆಯಲು ಮರೆಯುವುದುಂಟು. ಆಮೇಲೆ ಮೊದಲ ಮುದ್ರಣ ಹುಡುಕುವ ಸಂಗ್ರಾಹಕರ ಪತ್ರಗಳಿಗೆ ಉತ್ತರಿಸುತ್ತ ಕೂರಬೇಕು.

ಮರುಮುದ್ರಣಕ್ಕೆ ಹೇಳಿಕಳಿಸುವುದು ಒಂದು ಸಾಲಿನ ಇಮೇಲ್ ಅಂತ ತೋರುತ್ತದೆ. ಅಲ್ಲ. ಕಾಗದವನ್ನೇ ತಗೊಳ್ಳಿ. ಬ್ರಿಟನ್ನಿನ ಸಾಮಾನ್ಯ ಕಾದಂಬರಿ ಗಾತ್ರ 198 × 129 ಮಿಲಿಮೀಟರ್. ಪುಸ್ತಕದ ಬೆನ್ನಿನ ದಪ್ಪಕ್ಕೆ ಮುದ್ರಕರ ಸೂತ್ರವೊಂದಿದೆ: ಪುಟ × ಕಾಗದದ ಜಿಎಸ್‌ಎಂ × ಕಾಗದದ ಉಬ್ಬಿನ ಅಂಕಿ, ಭಾಗಿಸು 20,000. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ; ಉಬ್ಬು ಅಂದರೆ ಅದೇ ತೂಕಕ್ಕೆ ಕಾಗದ ಎಷ್ಟು ದಪ್ಪ ಎಂಬುದು. 288 ಪುಟ, 80 ಜಿಎಸ್‌ಎಂ, ಉಬ್ಬು 18 ಆದರೆ 20.7 ಮಿ.ಮೀ. ಬರುತ್ತದೆ. ಮರುಮುದ್ರಣದ ಹೊತ್ತಿಗೆ ಮುದ್ರಕನ ಹತ್ತಿರ 80 ಜಿಎಸ್‌ಎಂ ಮುಗಿದು 70 ಇದೆಯೆನ್ನಿ, ಬೆನ್ನು 18.1ಕ್ಕೆ ಇಳಿಯುತ್ತದೆ. 2.6 ಮಿ.ಮೀ. ವ್ಯತ್ಯಾಸ. ಹಳೆಯ ಮುಖಪುಟದ ಫೈಲನ್ನೇ ಕಳಿಸಿದರೆ ಬೆನ್ನಿನ ಬಣ್ಣ ಒಂದು ಪಕ್ಕಕ್ಕೆ ಹರಿದು ಮುಂದಿನ ಅಂಚಿನಲ್ಲಿ ಗೀಟಿನಂತೆ ಕಾಣುತ್ತದೆ, ಹೆಸರು ಬೆನ್ನಿನ ನಡುವೆ ಕೂರದೆ ಓರೆಯಾಗುತ್ತದೆ. ಇದು ಗೊತ್ತಾಗುವುದು ಪುಸ್ತಕ ಕಪಾಟಿನಲ್ಲಿ ನಿಂತ ಮೇಲೆ. ಆದ್ದರಿಂದ 'ಯಾವ ಕಾಗದ ಇದೆ?' ಎಂಬುದು ಮುದ್ರಕನಿಗೆ ಕೇಳಬೇಕಾದ ಮೊದಲ ಪ್ರಶ್ನೆ, 'ಎಷ್ಟಾಗುತ್ತದೆ?' ಎರಡನೆಯದು.

ಯಂತ್ರದ ಬಿಡುವು ಇನ್ನೊಂದು ತಲೆಬಿಸಿ. ಸೆಪ್ಟೆಂಬರ್-ಅಕ್ಟೋಬರ್ ಬ್ರಿಟಿಷ್ ಮುದ್ರಣಾಲಯಗಳಿಗೆ ಸುಗ್ಗಿ. ಅಕ್ಟೋಬರಿನ ಒಂದು ಗುರುವಾರ ನೂರಾರು ಕ್ರಿಸ್ಮಸ್ ಪುಸ್ತಕಗಳು ಒಟ್ಟಿಗೆ ಹೊರಬರುತ್ತವೆ. ಅದಕ್ಕೆ 'ಸೂಪರ್ ಥರ್ಸ್‌ಡೇ' ಎಂದೇ ಹೆಸರು. ಆ ಸಾಲಿನಲ್ಲಿ ಇಬ್ಬರ ಪ್ರಕಾಶನದ ಕೆಲಸ ಕೊನೆಗೆ ನಿಲ್ಲುತ್ತದೆ. ಬೇರೆ ಹಂಗಾಮಿನಲ್ಲಿ ಒಂದೆರಡು ವಾರಕ್ಕೆ ಸಿಗುವ ಮರುಮುದ್ರಣ ಆಗ ಮೂರು ವಾರ ಕೇಳಬಹುದು. ಶಾರ್ಟ್‌ಲಿಸ್ಟಿಗೂ ಫಲಿತಾಂಶಕ್ಕೂ ನಡುವೆ ಇದ್ದದ್ದು ಆರೇ ವಾರ. ಅನುಭವಸ್ಥರು ಲಾಂಗ್‌ಲಿಸ್ಟ್ ದಿನವೇ ಸೆಪ್ಟೆಂಬರಿಗೊಂದು ಜಾಗ ಕಾಯ್ದಿರಿಸುತ್ತಾರೆ, ಬೇಡವಾದರೆ ಬಿಟ್ಟುಕೊಡುತ್ತಾರೆ. ಒಳಪುಟಗಳನ್ನು ಅಚ್ಚು ಹಾಕಿಸಿ ಬೈಂಡಿಂಗ್ ಮಾಡಿಸದೆ ಇಟ್ಟುಕೊಳ್ಳುವ ಉಪಾಯವೂ ಇದೆ. ಶಾರ್ಟ್‌ಲಿಸ್ಟ್ ತಿಳಿದ ಮೇಲೆ ಹೊಸ ಮುಖಪುಟ ಹೊದಿಸಿ ಮೂರ್ನಾಲ್ಕು ದಿನದಲ್ಲಿ ಹೊರಡಿಸಬಹುದು.

ಮುಖಪುಟಕ್ಕೆ ಬುಕರ್ ಮುದ್ರೆಯನ್ನು ಅಚ್ಚು ಹಾಕಿಸಬೇಕೋ ಸ್ಟಿಕರ್ ಅಂಟಿಸಬೇಕೋ? ಅಚ್ಚು ಹಾಕಿಸಿದರೆ ಅಂದ, ಪ್ರತಿಗೆ ಹೆಚ್ಚಿನ ಖರ್ಚಿಲ್ಲ. ಆದರೆ 'ಲಾಂಗ್‌ಲಿಸ್ಟ್' ಎಂದು ಅಚ್ಚಾದದ್ದು ಶಾರ್ಟ್‌ಲಿಸ್ಟ್ ಬಂದ ದಿನವೇ ಹಳಸುತ್ತದೆ. ಸ್ಟಿಕರ್ ಆದರೆ ಗೋದಾಮಿನಲ್ಲಿ ಕೈಯಿಂದಲೇ ಅಂಟಿಸಬೇಕು, ಪ್ರತಿಗೆ ಇಷ್ಟೆಂದು ಕೂಲಿ. ಕಿತ್ತರೆ ಲ್ಯಾಮಿನೇಷನ್ನನ್ನೂ ಎಳೆದುಕೊಂಡು ಬರುವ ಅಗ್ಗದ ಅಂಟನ್ನು ಬಳಸಿದರಂತೂ ವಾಪಸು ಬಂದ ಪ್ರತಿ ಮರುಮಾರಾಟಕ್ಕೆ ಸಿಗದು, ನೇರ ರದ್ದಿಗೆ. ಲಾಂಗ್‌ಲಿಸ್ಟಿಗೆ ಸ್ಟಿಕರ್, ಶಾರ್ಟ್‌ಲಿಸ್ಟಿಗೆ ಅಚ್ಚು ಎನ್ನುವುದು ಸಾಮಾನ್ಯವಾಗಿ ಲಾಭದ ದಾರಿ. ಶಾರ್ಟ್‌ಲಿಸ್ಟ್ ಗೌರವ ಫಲಿತಾಂಶದ ನಂತರವೂ ಸುಳ್ಳಾಗುವುದಿಲ್ಲವಲ್ಲ.

ಇಪ್ಪತ್ತು ಸಾವಿರದ ಲೆಕ್ಕ

ಇಲ್ಲಿ ಕೊಡುವುದು ನಮೂನೆ ಲೆಕ್ಕ, ಸಾರಾಬ್ಯಾಂಡಿನ ಖಾತೆಯಲ್ಲ. ದರಗಳು ಆ ಕಾಲದ ಬ್ರಿಟಿಷ್ ಸಣ್ಣ ಪ್ರಕಾಶನಕ್ಕೆ ಹೊಂದುವಂಥವು.

ಮುಖಬೆಲೆ 8.99 ಪೌಂಡ್. ಅಂಗಡಿಗೆ ಶೇ. 50 ರಿಯಾಯಿತಿ ಹೋದರೆ 4.49 ಉಳಿಯಿತು. ಅದರಲ್ಲಿ ಮಾರಾಟ ಪ್ರತಿನಿಧಿಗಳು ಮತ್ತು ವಿತರಕ ಸೇರಿ ಶೇ. 24 ಹಿಡಿದುಕೊಂಡರೆ 3.42. ಲೇಖಕರ ರಾಯಧನ ಮುಖಬೆಲೆಯ ಶೇ. 7.5, ಅಂದರೆ 67 ಪೆನ್ಸ್. ಉಳಿದದ್ದು ಸುಮಾರು 2.74. ಅಚ್ಚಿನ ಖರ್ಚು 2,000 ಪ್ರತಿ ಹಾಕಿಸಿದರೆ ಒಂದಕ್ಕೆ ಸುಮಾರು 1.50; 20,000 ಹಾಕಿಸಿದರೆ 70 ಪೆನ್ಸ್. ಹೆಚ್ಚು ಹಾಕಿಸು ಎಂದು ಕೈಹಿಡಿದು ಎಳೆಯುವುದು ಈ ಅಂತರವೇ.

20,000 ಪ್ರತಿಗೆ ಮುದ್ರಕನ ಬಿಲ್ಲು 14,000 ಪೌಂಡ್, 30 ದಿನದಲ್ಲಿ ಕಟ್ಟಬೇಕು. ಬುಕರ್‌ಗೆ 5,000. ಒಂದು ಪೆನ್ನಿ ಒಳಬರುವ ಮೊದಲು 19,000 ಹೊರಗೆ. ಹಗುರ ಕಾಗದದಲ್ಲೂ ಪ್ರತಿಯೊಂದು ಸುಮಾರು 270 ಗ್ರಾಂ ತೂಗುತ್ತದೆ, ಒಟ್ಟು 5 ಟನ್ ಮೇಲಾಯಿತು. ಅದನ್ನಿಡುವ ಜಾಗಕ್ಕೂ ಬಾಡಿಗೆ.

ಇನ್ನು ವಾಪಸಾತಿ. ಬ್ರಿಟನ್ನಿನಲ್ಲಿ ಅಂಗಡಿ ಕೊಂಡ ಪುಸ್ತಕ ನಿಜಕ್ಕೂ ಕೊಂಡದ್ದಲ್ಲ, ಮಾರಾಟವಾಗದಿದ್ದರೆ ತಿಂಗಳುಗಳ ನಂತರ ಪೂರ್ತಿ ಬೆಲೆಗೆ ಹಿಂತಿರುಗಿಸಬಹುದು. 20,000ವೂ ಅಂಗಡಿಗೆ ಹೋಗಿ 6,000 ವಾಪಸು ಬಂದವೆನ್ನೋಣ. ನಿಜವಾಗಿ ಮಾರಿದ 14,000 ಪ್ರತಿಯಿಂದ ಬಂದದ್ದು 62,930 ಪೌಂಡ್. ಅದರಲ್ಲಿ ಮಾರಾಟ-ವಿತರಣೆಗೆ 15,103, ರಾಯಧನಕ್ಕೆ 9,440, ಅಚ್ಚಿಗೆ 14,000, ಬುಕರ್‌ಗೆ 5,000 ಕಳೆದರೆ 19,387 ಉಳಿಯುತ್ತದೆ. ಒಳ್ಳೆಯ ವರ್ಷವೇ. ಅದೇ 12,000 ವಾಪಸಾದರೆ? ಮಾರಿದ್ದು 8,000, ಉಳಿದದ್ದು 2,936 ಪೌಂಡ್. ವಾಪಸು ಬಂದ ಪೆಟ್ಟಿಗೆಗಳನ್ನು ಬಿಚ್ಚಿ, ಎಣಿಸಿ, ವಿಂಗಡಿಸುವ ಕೂಲಿಯನ್ನು ಇದರಲ್ಲಿ ಸೇರಿಸಿಲ್ಲ. ಸೇರಿಸಿದರೆ ಗಳಿಕೆ ಸೊನ್ನೆಯ ಹತ್ತಿರ.

ಎರಡರ ನಡುವೆ ಮೋಸ ಮಾಡುವುದು ಒಂದು ಅಂಕಿ: ಗೋದಾಮಿನಿಂದ ಹೊರಟ ಪ್ರತಿಗಳ ಸಂಖ್ಯೆ. ದಿನಾ ಬೆಳಗ್ಗೆ ವಿತರಕನ ವರದಿಯಲ್ಲಿ ಅದು ಏರುತ್ತಿದ್ದರೆ ಪುಸ್ತಕ ಓಡುತ್ತಿದೆ ಅನ್ನಿಸುತ್ತದೆ. ಅದು ಅಂಗಡಿಗಳ ಆಸೆಯ ಲೆಕ್ಕ, ಓದುಗರದ್ದಲ್ಲ. ಓದುಗ ದುಡ್ಡು ಕೊಟ್ಟ ಲೆಕ್ಕ ನೀಲ್ಸನ್ ಸಂಸ್ಥೆ ಅಂಗಡಿಗಳ ಕೌಂಟರಿನಿಂದ ವಾರವಾರ ಒಟ್ಟುಮಾಡುವ ಅಂಕಿಯಲ್ಲಿದೆ. ಹೊರಟದ್ದು 15,000, ಕೌಂಟರಿನಲ್ಲಿ ದಾಖಲಾದದ್ದು 5,000 ಎಂದಿದ್ದರೆ 10,000 ಪ್ರತಿ ಕಪಾಟಿನಲ್ಲಿದೆ ಎಂದರ್ಥ. ಆಗ ಸಗಟು ವ್ಯಾಪಾರಿಯೊಬ್ಬ ಹೊಸದಾಗಿ 3,000 ಕೇಳಿದರೂ ಮರುಮುದ್ರಣಕ್ಕೆ ಓಡಬಾರದು. ಬೇರೆ ಅಂಗಡಿಯ ವಾಪಸಾತಿಯಿಂದಲೇ ಅದನ್ನು ಪೂರೈಸಬಹುದು.

ಕಡಿಮೆ ಹಾಕಿಸಿದರೂ ನಷ್ಟ, ಆದರೆ ಅದು ಯಾವ ಖಾತೆಯಲ್ಲೂ ಕಾಣದು. ಅಂಗಡಿಯಲ್ಲಿ 'ಮುಗಿದಿದೆ' ಅನ್ನಿಸಿಕೊಂಡ ಗಿರಾಕಿ ಶಾರ್ಟ್‌ಲಿಸ್ಟಿನ ಇನ್ನೊಂದು ಪುಸ್ತಕ ಹಿಡಿದು ಮನೆಗೆ ಹೋಗುತ್ತಾನೆ. ಅಮೆಜಾನ್ ಪುಟದಲ್ಲಿ 'ಎರಡು ವಾರದಲ್ಲಿ ಲಭ್ಯ' ಎಂದು ಬಿದ್ದರೆ ಮುಗಿಯಿತು. ಇ-ಪುಸ್ತಕ ಇಂಥ ಹೊತ್ತಿನಲ್ಲಿ ಆಧಾರ, ಅದು ತೀರಿಹೋಗುವುದಿಲ್ಲ. ಆದರೆ ಅಚ್ಚಾದ ಪುಸ್ತಕಕ್ಕೆ ಅಲ್ಲಿ ವ್ಯಾಟ್ (ಮಾರಾಟದ ಮೇಲಿನ ತೆರಿಗೆ) ಇಲ್ಲ, ಇ-ಪುಸ್ತಕಕ್ಕೆ ಆಗ ಶೇ. 20 ಇತ್ತು, 2020ರ ಮೇ 1ರವರೆಗೂ.

ಸುರಕ್ಷಿತ ದಾರಿ ಚಿಕ್ಕ ಚಿಕ್ಕ ಮುದ್ರಣಗಳದ್ದು. ಪ್ರತಿಗೆ 15-20 ಪೆನ್ಸ್ ಹೆಚ್ಚು ಬಿದ್ದರೂ 20,000ವನ್ನು ಒಮ್ಮೆಗೇ ಹಾಕಿಸುವ ಬದಲು 5,000, 5,000 ಎಂದು ಹಾಕಿಸಿದವನು ಜನವರಿಯಲ್ಲಿ ನಿದ್ದೆ ಮಾಡುತ್ತಾನೆ.

ಸೋಲುವ ಮುನ್ನ ಮಾರುವುದು

ಫ್ರಾಂಕ್‌ಫರ್ಟ್ ಪುಸ್ತಕ ಮೇಳ ಆ ವರ್ಷ ಅಕ್ಟೋಬರ್ 19ರಿಂದ 23. ಬುಕರ್ ಫಲಿತಾಂಶ 25ಕ್ಕೆ. ಪುಸ್ತಕವನ್ನು ಬೇರೆ ದೇಶ, ಬೇರೆ ಭಾಷೆಗಳಲ್ಲಿ ತರುವ ಹಕ್ಕು ಮಾರುವವನಿಗೆ ಇದಕ್ಕಿಂತ ಒಳ್ಳೆಯ ವಾರ ಸಿಗುವುದಿಲ್ಲ. ಪುಸ್ತಕ ಇನ್ನೂ ಸೋತಿಲ್ಲ, ಗೆದ್ದೂಬಿಡಬಹುದು, ಕೊಳ್ಳುವವನಿಗೆ ತಡಮಾಡಲು ಭಯ. 23ರ ಸಂಜೆ ಸಹಿಯಾದ ಒಪ್ಪಂದಕ್ಕೂ 26ರ ಬೆಳಗ್ಗೆ ಶುರುವಾಗುವ ಮಾತುಕತೆಗೂ ಮುಂಗಡದಲ್ಲಿ ಅಜಗಜಾಂತರ.

ಹಕ್ಕಿನ ಹಣ ಪುಸ್ತಕದ ಹಣದಂತಲ್ಲ. ಕಾಗದ ಬೇಡ, ಗೋದಾಮು ಬೇಡ, ವಾಪಸಾತಿಯಿಲ್ಲ. ಸಾಮಾನ್ಯವಾಗಿ ಮುಂಗಡದ ಅರ್ಧ ಸಹಿ ಹಾಕಿದಾಗ, ಉಳಿದರ್ಧ ಆ ಭಾಷೆಯಲ್ಲಿ ಪ್ರಕಟವಾದಾಗ. ದೊಡ್ಡ ಪಾಲು ಲೇಖಕರಿಗೆ ಸೇರುತ್ತದೆ, ಪ್ರಕಾಶಕನಿಗೆ ಶೇ. 20-25 ಉಳಿಯಬಹುದು. ಹಾಗಿದ್ದರೂ ಮರುಮುದ್ರಣದ ಬಿಲ್ಲು ಎದುರಿಗಿರುವಾಗ ಕೈಗೆ ಬರುವ ನಗದು ಅದು. 'ಹಿಸ್ ಬ್ಲಡಿ ಪ್ರಾಜೆಕ್ಟ್' ಅಮೆರಿಕದಲ್ಲಿ ಸ್ಕೈಹಾರ್ಸ್, ಆಸ್ಟ್ರೇಲಿಯಾದಲ್ಲಿ ಟೆಕ್ಸ್ಟ್ ಪಬ್ಲಿಷಿಂಗ್ ಮೂಲಕ ಬಂತು. ಹಲವು ಭಾಷೆಗಳಿಗೂ ಹೋಯಿತು. ಸ್ಕಾಟಿಷ್ ಕೃತಿಯನ್ನು ಕೊಳ್ಳುವ ವಿದೇಶಿ ಪ್ರಕಾಶಕರಿಗೆ ಅನುವಾದದ ಖರ್ಚಿಗೆ ನೆರವಾಗುವ ನಿಧಿಯನ್ನು ಪಬ್ಲಿಷಿಂಗ್ ಸ್ಕಾಟ್ಲೆಂಡ್ ಸಂಸ್ಥೆ 2015ರಲ್ಲೇ ಆರಂಭಿಸಿತ್ತು. ಮೇಳದಲ್ಲಿ ಎದುರು ಕೂತವನಿಗೆ ಹೇಳಲು ಅದೂ ಒಂದು ಮಾತು.

ಆ ವರ್ಷದ ವಿಚಿತ್ರವೊಂದಿದೆ. ಜೂನ್ 23ರ ಬ್ರೆಕ್ಸಿಟ್ ಮತದಾನದ ನಂತರ ಪೌಂಡ್ ಕುಸಿಯಿತು. ಹೊರದೇಶದಿಂದ ಬರುವ ಕಾಗದ, ತಿರುಳಿನ ಬೆಲೆ ಏರುವುದು ಖಾತ್ರಿ; ಅದೇ ಹೊತ್ತಿಗೆ ಡಾಲರ್, ಯೂರೋದಲ್ಲಿ ಬರುವ ಹಕ್ಕಿನ ಮುಂಗಡ ಪೌಂಡಿಗೆ ತಿರುಗಿಸಿದಾಗ ಹೆಚ್ಚು ಕಂಡಿತು. ಅಚ್ಚು ಹಾಕಿಸುವವನಿಗೆ ಪೆಟ್ಟು, ಹಕ್ಕು ಮಾರುವವನಿಗೆ ಲಾಭ. ಎರಡೂ ಮಾಡುವ ಸಣ್ಣ ಮನೆಗೆ ಯಾವುದು ಮೇಲು ಎಂಬುದು ಆಯಾ ತಿಂಗಳ ಮಾತು.

ಉಳಿದ ಪುಸ್ತಕಗಳ ಗತಿ

ಇಬ್ಬರಿರುವ ಮನೆಯಲ್ಲಿ ಒಂದು ಪುಸ್ತಕಕ್ಕೆ 90 ದಿನ ಹೋದರೆ ಉಳಿದ ಲೇಖಕರು ಕಾಯಬೇಕು. ಇದರ ಬೆಲೆ ಕೂಡಲೇ ತಿಳಿಯುವುದಿಲ್ಲ. ಬ್ರಿಟನ್ನಿನ ಅಂಗಡಿ ಸರಪಳಿಗಳು ಪುಸ್ತಕವೊಂದನ್ನು ತೀರ್ಮಾನಿಸುವುದು ಪ್ರಕಟಣೆಗೆ ಆರು ತಿಂಗಳು ಮೊದಲು. ಅಷ್ಟರೊಳಗೆ ಒಂದು ಪುಟದ ಪರಿಚಯ ಪತ್ರ, ಮುಖಪುಟ, ಬೆಲೆ, ಪುಟಸಂಖ್ಯೆ ಪ್ರತಿನಿಧಿಗಳ ಚೀಲದಲ್ಲಿರಬೇಕು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸಂದರ್ಶನ, ಫೋಟೊ, ರೈಲು ಟಿಕೆಟು ಎಂದು ಓಡಾಡುತ್ತ ಈ ಪತ್ರಗಳು ತಡವಾದರೆ ಮುಂದಿನ ಮಾರ್ಚ್-ಏಪ್ರಿಲ್‌ನ ಪುಸ್ತಕಗಳು ಅಂಗಡಿಗೆ ಹತ್ತರ ಬದಲು ಎರಡು ಪ್ರತಿ ಹೋಗುತ್ತವೆ. ಆಗ ಎಲ್ಲರೂ ದೂರುವುದು ಆ ಪುಸ್ತಕಗಳನ್ನು, ಕಳೆದ ಅಕ್ಟೋಬರನ್ನಲ್ಲ. ಶಾರ್ಟ್‌ಲಿಸ್ಟ್ ದಿನದಿಂದಲೇ ಹೊರಗಿನ ಪ್ರಚಾರಕರೊಬ್ಬರನ್ನು ಆರು ವಾರಕ್ಕೆ ಗೊತ್ತು ಮಾಡಿಕೊಳ್ಳುವುದು ದುಬಾರಿ ಅನ್ನಿಸಿದರೂ ಮಾಡಬೇಕಾದ ಖರ್ಚು.

ಅಕ್ಟೋಬರ್ 25ರ ರಾತ್ರಿ ಗೆದ್ದದ್ದೂ ಸಣ್ಣವರೇ. 'ದಿ ಸೆಲ್‌ಔಟ್' ಪ್ರಕಟಿಸಿದ್ದು ಒನ್‌ವರ್ಲ್ಡ್, ಹಿಂದಿನ ವರ್ಷ ಮಾರ್ಲನ್ ಜೇಮ್ಸ್ ಅವರ ಕೃತಿಯಿಂದ ಗೆದ್ದಿದ್ದ ಸ್ವತಂತ್ರ ಪ್ರಕಾಶನ. ಸ್ಕಾಟ್ಲೆಂಡಿನ ಪ್ರಕಾಶನವೊಂದು ಬುಕರ್ ಗೆದ್ದದ್ದು 2002ರಲ್ಲಿ, ಎಡಿನ್‌ಬರೋದ ಕ್ಯಾನನ್‌ಗೇಟ್, 'ಲೈಫ್ ಆಫ್ ಪೈ'ಗೆ. 2019ರಲ್ಲಿ ಹೈಲ್ಯಾಂಡ್ಸ್‌ನ ಸ್ಯಾಂಡ್‌ಸ್ಟೋನ್ ಪ್ರೆಸ್ ಒಮಾನಿನ ಜೋಖಾ ಅಲ್‌ಹಾರ್ತಿ ಅವರ 'ಸೆಲೆಸ್ಟಿಯಲ್ ಬಾಡೀಸ್' ಮೂಲಕ ಇಂಟರ್‌ನ್ಯಾಷನಲ್ ಬುಕರ್ ತಂದಿತು.

ಸಾರಾಬ್ಯಾಂಡಿಗೆ ವರ್ಷಾಂತ್ಯದಲ್ಲಿ ಸ್ಕಾಟ್ಲೆಂಡಿನ ಸಾಲ್ಟೈರ್ ಸೊಸೈಟಿಯ ವರ್ಷದ ಕಾದಂಬರಿ ಪ್ರಶಸ್ತಿ ಸಿಕ್ಕಿತು, ಅದೇ ಪುಸ್ತಕಕ್ಕೆ. ಲಾಂಗ್‌ಲಿಸ್ಟ್ ಮುಟ್ಟಿದ್ದರಿಂದ ಮುಂದಿನ ಐದು ವರ್ಷ ಬುಕರ್‌ಗೆ ಒಂದರ ಬದಲು ಎರಡು ಪುಸ್ತಕ ಕಳಿಸುವ ಹಕ್ಕೂ ಬಂತು. ಬರ್ನೆಟ್ ದೊಡ್ಡ ಮನೆಗೆ ಹೋಗಲಿಲ್ಲ. 2017ರಲ್ಲೂ 2021ರಲ್ಲೂ ಅವರ ಕಾದಂಬರಿಗಳು ಸಾರಾಬ್ಯಾಂಡಿನಿಂದಲೇ ಬಂದವು. ಎರಡನೆಯದು 2022ರ ಬುಕರ್ ಲಾಂಗ್‌ಲಿಸ್ಟ್ ಸೇರಿತು, ಶಾರ್ಟ್‌ಲಿಸ್ಟಿಗೆ ಬರಲಿಲ್ಲ. ಅದರ ಹೆಸರು 'ಕೇಸ್ ಸ್ಟಡಿ'.